ಬೀರುವಿನ ಬೀಗ ತೆಗೆಸಿದ ಗಣಿತ ಮೇಷ್ಟ್ರು: ಡಾ. ಎಸ್. ಆರ್. ರಂಗನಾಥನ್

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಊರೂರುಗಳಿಂದ ಶಾಲೆಗೆ ಪುಸ್ತಕಗಳನ್ನು ಕಳಿಸುತ್ತಿದ್ದಾರೆ. ಕೆಲವು ಅಂಚೆಯಲ್ಲಿ ಬಂದಿವೆ, ಕೆಲವು ಬಸ್ಸಿನಲ್ಲಿ ಬಂದಿವೆ. ರಟ್ಟಿನ ಪೆಟ್ಟಿಗೆಗಳು, ಗೋಣಿತಟ್ಟಿನಲ್ಲಿ ಹೊಲಿದ ಕಟ್ಟುಗಳು ಸ್ಟಾಫ್ ರೂಮಿನ ಗೋಡೆಯ ಪಕ್ಕ ಒಂದರ ಮೇಲೊಂದು ಕುಳಿತಿವೆ. ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ ದಿನ ನಾನು ಆ ಪೆಟ್ಟಿಗೆಗಳ ಎದುರಿಗೇ ಕುಳಿತಿದ್ದೆ. ಅವನ್ನು ನೋಡುತ್ತಿದ್ದಂತೆ ನನಗೆ ನೆನಪಾದ ಹೆಸರು ಡಾ. ಎಸ್. ಆರ್. ರಂಗನಾಥನ್ ಅವರದು.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಅವರೂ ಗಣಿತದ ಮೇಷ್ಟ್ರು, ನಾನೂ ಗಣಿತದ ಮೇಷ್ಟ್ರು. ಅವರಿಗೂ ಇಷ್ಟವಿಲ್ಲದೆ ಗ್ರಂಥಾಲಯದ ಹೊಣೆ ಬಂತು, ನನಗೂ ಬಂತು. ನಮ್ಮಿಬ್ಬರ ಹೋಲಿಕೆ ಅಲ್ಲಿಗೇ ಮುಗಿಯಿತು. ನಾನು ಮಾಡಿದ ಮೊದಲ ಕೆಲಸವೆಂದರೆ ಪುಸ್ತಕದ ಬೀರುಗಳಿಗೆ ಗಟ್ಟಿಯಾದ ಬೀಗ ತಂದದ್ದು. ದಾಸ್ತಾನು ವಹಿಯಲ್ಲಿರುವ ಒಂದು ಪುಸ್ತಕ ಕಡಿಮೆಯಾದರೂ ನನ್ನ ಸಂಬಳಕ್ಕೆ ಕೈ ಬೀಳುತ್ತದೆ ಎಂಬ ಭಯ. ನಿಘಂಟು ನೋಡಬೇಕೆಂದು ಬಂದ ಹುಡುಗರನ್ನು ಬೀಗದ ಕೈ ಮನೆಯಲ್ಲಿದೆ ಎಂದು ಹೇಳಿ ವಾಪಸು ಕಳಿಸಿದ್ದೇನೆ. ಕೈ ಆಗ ನನ್ನ ಜೇಬಿನಲ್ಲೇ ಇರುತ್ತಿತ್ತು. ನಾನು ಪ್ರಭಾರ ಒಪ್ಪಿಸಿದ ದಿನ ಲೆಕ್ಕ ಸರಿಯಾಗಿತ್ತು. ಒಂದು ಪುಸ್ತಕವೂ ಕಳೆದಿರಲಿಲ್ಲ. ಬಹಳಷ್ಟು ಪುಸ್ತಕಗಳನ್ನು ಯಾರೂ ಓದಿಯೂ ಇರಲಿಲ್ಲ. ರಂಗನಾಥನ್ ಅವರ ಜೀವನವನ್ನು ಓದಿದ್ದು ಅದಾದ ಮೇಲೆ.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟಿನಲ್ಲಿ, ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿ ಎಂಬ ಊರಿನಲ್ಲಿ. ಆ ಊರನ್ನು ಈಗ ಸೀರ್ಕಾಳಿ ಎನ್ನುತ್ತಾರೆ. ತಂದೆ ರಾಮಾಮೃತ ಅಯ್ಯರ್ ಊರಿನವರಿಗೆ ರಾಮಾಯಣ ಓದಿ ಹೇಳುತ್ತಿದ್ದವರು. ಮಗನಿಗೆ ಆರು ವರ್ಷದ ಆಸುಪಾಸಿನಲ್ಲೇ ತಂದೆ ತೀರಿಕೊಂಡರು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದು ಮುಗಿಸಿ ಹುಡುಗ ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದ. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರಿಗೆ ಈ ವಿದ್ಯಾರ್ಥಿಯ ಮೇಲೆ ವಿಶೇಷ ಪ್ರೀತಿ. ಗುರು ಶಿಷ್ಯರ ಆ ಸಂಬಂಧ ಕಾಲೇಜಿನೊಂದಿಗೆ ಮುಗಿಯಲಿಲ್ಲ. ರಂಗನಾಥನ್ ಗಣಿತದಲ್ಲಿ ಎಂ.ಎ. ಮಾಡಿ, ಸೈದಾಪೇಟೆಯಲ್ಲಿ ಅಧ್ಯಾಪಕರ ತರಬೇತಿ ಪಡೆದರು. ಅವರಿಗೆ ಮಾತಿನಲ್ಲಿ ತೊದಲು ಇತ್ತು. ಮೇಷ್ಟ್ರ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇಲ್ಲ. ಛಲ ಹಿಡಿದು ಅಭ್ಯಾಸ ಮಾಡಿ ಅದನ್ನು ಗೆದ್ದರು.

ನಮ್ಮ ನಾಡಿನೊಂದಿಗೆ ಅವರ ನಂಟು ಆರಂಭವಾಗುವುದು ಇಲ್ಲಿಂದ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ 1917ರಲ್ಲಿ ಅವರಿಗೆ ಮೊದಲ ನೇಮಕ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮಂಗಳೂರಿನ ಮಕ್ಕಳಿಗೆ ಗಣಿತ ಹೇಳಿದ ಈ ಯುವಕ ಅಲ್ಲಿಂದ ಕೊಯಮತ್ತೂರಿಗೆ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಪಾಠ ಹೇಳುವುದರಲ್ಲಿ ಅವರಿಗೆ ಪರಮ ಸಂತೋಷ. ಆದರೆ ಅಧ್ಯಾಪಕರ ಸಂಬಳ ಅಲ್ಪ.

ಆ ಹೊತ್ತಿಗೆ ಮದರಾಸು ವಿಶ್ವವಿದ್ಯಾಲಯವು ಮೊದಲ ಬಾರಿಗೆ ಒಬ್ಬ ಗ್ರಂಥಪಾಲಕರನ್ನು ನೇಮಿಸಲು ಹೊರಟಿತ್ತು. ಸಂಬಳ ಚೆನ್ನಾಗಿತ್ತು. ಸುಮಾರು ಒಂಬೈನೂರು ಅರ್ಜಿಗಳು ಬಂದವು. ಗ್ರಂಥಾಲಯದ ಕೆಲಸ ಕಲಿತವರು ಅವರಲ್ಲಿ ಇರಲಿಲ್ಲ. ಆ ವಿದ್ಯೆಯನ್ನು ಕಲಿಸುವ ವ್ಯವಸ್ಥೆ ನಮ್ಮ ದೇಶದಲ್ಲಿ ಆಗ ಅಷ್ಟಾಗಿ ಇರಲೂ ಇಲ್ಲ. ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದ ರಂಗನಾಥನ್ ಅವರಿಗೂ ಏನೂ ಗೊತ್ತಿರಲಿಲ್ಲ. ಸಂದರ್ಶನಕ್ಕೆ ಮೊದಲು ಬ್ರಿಟಾನಿಕಾ ವಿಶ್ವಕೋಶವನ್ನು ತೆಗೆದು ಅದರಲ್ಲಿ ಗ್ರಂಥಾಲಯದ ಮೇಲಿದ್ದ ಲೇಖನವನ್ನು ಓದಿಕೊಂಡು ಹೋದರು. ಒಂದು ಪರಾಮರ್ಶನ ಗ್ರಂಥದ ಒಂದು ಲೇಖನವು ಮನುಷ್ಯನ ಬಾಳಿನ ದಾರಿಯನ್ನು ಹೇಗೆ ತಿರುಗಿಸಬಲ್ಲುದು ಎಂಬುದಕ್ಕೆ ಮಕ್ಕಳಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

1924ರ ಜನವರಿಯಲ್ಲಿ ಅವರು ಕೆಲಸಕ್ಕೆ ಸೇರಿದರು. ಸೇರಿದ ಕೆಲವೇ ದಿನಗಳಲ್ಲಿ ಬೇಸರ ಹತ್ತಿತು. ತರಗತಿಯ ತುಂಬ ಮಕ್ಕಳನ್ನು ನೋಡಿದ್ದ ಮೇಷ್ಟ್ರಿಗೆ ಯಾರೂ ಬಾರದ ಆ ಕಟ್ಟಡ ಸೆರೆಮನೆಯಂತೆ ಕಂಡಿತು. ತಮ್ಮನ್ನು ಪಾಠಕ್ಕೇ ವಾಪಸು ಕಳಿಸಬೇಕೆಂದು ಮೇಲಿನವರಲ್ಲಿ ಕೇಳಿಕೊಂಡರು. ಮೇಲಿನವರು ಒಂದು ಮಾತಿಗೆ ಒಪ್ಪಿಸಿದರು: ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಿಕ್ಷಣ ಪಡೆದು ಬರುವುದು, ಆಮೇಲೂ ಮನಸ್ಸಿಲ್ಲದಿದ್ದರೆ ಕಾಲೇಜಿಗೆ ಮರಳುವುದು. ರಂಗನಾಥನ್ ಆ ವರ್ಷವೇ ಹಡಗು ಹತ್ತಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಬೆರ್ವಿಕ್ ಸೇಯರ್ಸ್ ಎಂಬ ಒಳ್ಳೆಯ ಗುರು ಸಿಕ್ಕರು. ಪಾಠಕ್ಕಿಂತಲೂ ಅವರ ಕಣ್ಣು ತೆರೆಸಿದ್ದು ತಿರುಗಾಟ. ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಅವರು ನೋಡಿದರು. ಅಲ್ಲಿ ಕಾರ್ಖಾನೆಯ ಕೂಲಿಗಾರ, ಮನೆವಾರ್ತೆಯ ಹೆಂಗಸು, ಚಡ್ಡಿ ಹಾಕಿದ ಹುಡುಗ ಎಲ್ಲರೂ ಗ್ರಂಥಾಲಯಕ್ಕೆ ಬಂದು ತಮಗೆ ಬೇಕಾದ ಪುಸ್ತಕವನ್ನು ತಾವೇ ಕಪಾಟಿನಿಂದ ತೆಗೆದುಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ ಪುಸ್ತಕವೆಂದರೆ ಕಾಪಾಡಬೇಕಾದ ಆಸ್ತಿ. ಅಲ್ಲಿ ಅದು ಹಂಚಬೇಕಾದ ಅನ್ನ. ಈ ವ್ಯತ್ಯಾಸ ಅವರ ಮನಸ್ಸಿಗೆ ನಾಟಿತು. ಗಣಿತಕ್ಕೆ ಮರಳುವ ಆಸೆ ಅಲ್ಲಿಗೆ ನಿಂತಿತು.

ಅಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆಯನ್ನು ಅವರು ಕಂಡರು. ತೂತುಗಳಿರುವ ಲೋಹದ ಪಟ್ಟಿಗಳು, ಗಾಲಿಗಳು, ತಿರುಪುಗಳು. ಅವೇ ತುಂಡುಗಳನ್ನು ಒಂದು ರೀತಿ ಜೋಡಿಸಿದರೆ ಸೇತುವೆ, ಇನ್ನೊಂದು ರೀತಿ ಜೋಡಿಸಿದರೆ ಬಂಡಿ. ಪುಸ್ತಕಗಳ ವರ್ಗೀಕರಣದ ಕಷ್ಟಕ್ಕೆ ಇಲ್ಲಿ ಪರಿಹಾರ ಹೊಳೆಯಿತು. ಅದುವರೆಗೆ ಬಳಕೆಯಲ್ಲಿದ್ದ ಪದ್ಧತಿಗಳಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಒಂದು ಖಾನೆ ಮಾಡಿಡಬೇಕಿತ್ತು. ಹೊಸ ವಿಷಯದ ಪುಸ್ತಕ ಬಂದರೆ ಅದಕ್ಕೆ ಖಾನೆ ಇರುತ್ತಿರಲಿಲ್ಲ. ರಂಗನಾಥನ್ ವಿಷಯವನ್ನೇ ಬಿಡಿಸಿ ನೋಡಿದರು. ನಮ್ಮ ರೈತರಿಗೆ ತಿಳಿಯುವ ಉದಾಹರಣೆ ಹೇಳುವುದಾದರೆ, ಕರ್ನಾಟಕದಲ್ಲಿ ಇಂಥ ಕಾಲದಲ್ಲಿ ಭತ್ತಕ್ಕೆ ಬಂದ ರೋಗವನ್ನು ತಡೆಯುವ ಬಗೆಯ ಮೇಲೆ ಒಂದು ಪುಸ್ತಕ ಇದೆ ಎನ್ನೋಣ. ಇದರಲ್ಲಿ ಬೆಳೆ ಒಂದು ತುಂಡು, ರೋಗ ಒಂದು ತುಂಡು, ತಡೆಯುವ ಕ್ರಮ ಒಂದು ತುಂಡು, ಸ್ಥಳ ಒಂದು, ಕಾಲ ಒಂದು. ಒಂದೊಂದು ತುಂಡಿಗೂ ಒಂದೊಂದು ಸಂಕೇತ ಕೊಟ್ಟು, ನಡುವೆ ಚಿಹ್ನೆ ಹಾಕಿ ಜೋಡಿಸಿದರೆ ಆ ಪುಸ್ತಕಕ್ಕೆ ತನ್ನದೇ ಸಂಖ್ಯೆ ಸಿದ್ಧವಾಗುತ್ತದೆ. ನಾಳೆ ರಾಗಿಯ ಮೇಲೆ ಪುಸ್ತಕ ಬಂದರೆ ಒಂದು ತುಂಡು ಬದಲಾಯಿಸಿದರೆ ಸಾಕು. ಮೊದಲಿಗೆ ಜೋಡಿಸಲು ಬಳಸಿದ ಚಿಹ್ನೆ ಕೋಲನ್ ಆದ್ದರಿಂದ ಇದಕ್ಕೆ ಕೋಲನ್ ವರ್ಗೀಕರಣ ಎಂದು ಹೆಸರಾಯಿತು. ಊರಿಗೆ ಮರಳುವಾಗ ಹಡಗಿನ ಗ್ರಂಥಾಲಯದ ಪುಸ್ತಕಗಳನ್ನೇ ಈ ಕ್ರಮದಲ್ಲಿ ಜೋಡಿಸಿ ಪರೀಕ್ಷೆ ಮಾಡಿದರು. ಪದ್ಧತಿ ಪುಸ್ತಕವಾಗಿ ಅಚ್ಚಾದದ್ದು 1933ರಲ್ಲಿ.

1925ರಲ್ಲಿ ಮರಳಿ ಬಂದ ರಂಗನಾಥನ್ ಮದರಾಸಿನ ಗ್ರಂಥಾಲಯದ ಸ್ವರೂಪವನ್ನೇ ಬದಲಾಯಿಸಿದರು. ಕಪಾಟುಗಳನ್ನು ಓದುಗರಿಗೆ ತೆರೆದರು. ಬಾಗಿಲು ತೆರೆದಿರುವ ಹೊತ್ತನ್ನು ಹೆಚ್ಚಿಸಿದರು, ರಜೆಯ ದಿನವೂ ತೆರೆಯಿಸಿದರು. ತಾವು ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ಮದರಾಸಿನಲ್ಲಿದ್ದ ಇಪ್ಪತ್ತು ವರ್ಷಗಳ ಉದ್ದಕ್ಕೂ ವಾರದ ಏಳು ದಿನವೂ ಅವರ ದುಡಿಮೆ ನಡೆದೇ ಇತ್ತು. ದೇವಸ್ಥಾನಕ್ಕೆ ಹೋದಂತೆ ಬರಿಗಾಲಿನಲ್ಲಿ ಗ್ರಂಥಾಲಯದೊಳಗೆ ಓಡಾಡುತ್ತಿದ್ದರು. 1936ರಲ್ಲಿ ಮರೀನಾ ಕಡಲ ತೀರದಲ್ಲಿ ಗ್ರಂಥಾಲಯಕ್ಕೆ ಹೊಸ ಕಟ್ಟಡವಾಯಿತು.

ಇಷ್ಟೆಲ್ಲ ಮಾಡುತ್ತಿರುವಾಗಲೂ ಗಣಿತದ ಬುದ್ಧಿ ಸುಮ್ಮನಿರಲಿಲ್ಲ. ರೇಖಾಗಣಿತವು ಕೆಲವೇ ಮೂಲತತ್ತ್ವಗಳ ಮೇಲೆ ನಿಲ್ಲುವ ಹಾಗೆ ಗ್ರಂಥಾಲಯದ ನೂರೆಂಟು ನಿಯಮಗಳೂ ಯಾವುದೋ ಕೆಲವು ತತ್ತ್ವಗಳ ಮೇಲೆ ನಿಂತಿರಬೇಕೆಂದು ಅವರು ಹುಡುಕುತ್ತಿದ್ದರು. 1928ರಲ್ಲಿ ಹೀಗೆ ಯೋಚಿಸುತ್ತ ಕುಳಿತಿದ್ದಾಗ ಹಳೆಯ ಗುರು ರಾಸ್ ಅವರು ಅಲ್ಲಿಗೆ ಬಂದರು. ಶಿಷ್ಯನ ಪೇಚಾಟವನ್ನು ಕೇಳಿ, ಪುಸ್ತಕವೆಂಬುದು ಉಪಯೋಗಕ್ಕಾಗಿ ಇರುವಂಥದ್ದು ಎಂಬ ಅರ್ಥದ ಮಾತನ್ನು ಹೇಳಿ ಹೊರಟುಹೋದರು. ಶಿಷ್ಯನಿಗೆ ಬೇಕಾಗಿದ್ದ ಮೊದಲ ತತ್ತ್ವ ಸಿಕ್ಕಿತು. ಉಳಿದ ನಾಲ್ಕು ಅದರ ಬೆನ್ನಿಗೇ ಬಂದವು. ಬಡವ ಬಲ್ಲಿದ, ಗಂಡು ಹೆಣ್ಣು, ಪಟ್ಟಣ ಹಳ್ಳಿ ಎನ್ನದೆ ಓದುವ ಪ್ರತಿಯೊಬ್ಬರಿಗೂ ಅವರಿಗೆ ಒಪ್ಪುವ ಪುಸ್ತಕ ದೊರೆಯಬೇಕು. ಯಾವ ಪುಸ್ತಕವೂ ಓದುಗನಿಲ್ಲದೆ ಮೂಲೆಯಲ್ಲಿ ಕೊಳೆಯಬಾರದು. ಅದರ ಓದುಗನನ್ನು ಹುಡುಕಿಕೊಡುವುದು ಗ್ರಂಥಪಾಲಕನ ಹೊಣೆ. ಓದುಗನ ಸಮಯ ಹಾಳಾಗಬಾರದು. ಗ್ರಂಥಾಲಯವು ಮಗುವಿನಂತೆ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಜಾಗ, ಜನ, ಹಣ ಎಲ್ಲವನ್ನೂ ಮುಂದಾಲೋಚಿಸಿ ಒದಗಿಸಬೇಕು. ಇದೇ 1931ರಲ್ಲಿ ಪುಸ್ತಕವಾಗಿ ಬಂದ ಪಂಚಸೂತ್ರಗಳ ಸಾರ. ಇಂದಿಗೂ ಜಗತ್ತಿನ ಅನೇಕ ದೇಶಗಳಲ್ಲಿ ಗ್ರಂಥಾಲಯ ವಿದ್ಯಾರ್ಥಿಗಳ ಮೊದಲ ಪಾಠ ಇದೇ.

ಸೂತ್ರ ಬರೆದು ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. ರಂಗನಾಥನ್ ಅದರ ಕಾರ್ಯದರ್ಶಿ. ಮರುವರ್ಷವೇ ಗ್ರಂಥಾಲಯ ಕೆಲಸ ಕಲಿಸುವ ಶಾಲೆ ಆರಂಭವಾಯಿತು. 1931ರ ಅಕ್ಟೋಬರಿನಲ್ಲಿ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬ ಉತ್ಸಾಹಿಗಳು ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿ ಹಳ್ಳಿಗೆ ಹೊರಟರು. ಪಟ್ಟಣದ ಕಟ್ಟಡಕ್ಕೆ ಹಳ್ಳಿಯವನು ಬರಲಾರನಾದರೆ ಪುಸ್ತಕವೇ ಅವನ ಬಾಗಿಲಿಗೆ ಹೋಗಲಿ ಎಂಬ ಈ ಕೆಲಸದ ಹಿಂದೆ ಆ ಸಂಘದ ಚಳವಳಿಯ ಬಲವಿತ್ತು. ಜಾತ್ರೆಗೆ ಗಾಡಿ ಕಟ್ಟಿದ ನಮ್ಮೂರ ಹಿರಿಯರು ಆ ದೃಶ್ಯವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಪುಸ್ತಕ ಕೊಟ್ಟರಷ್ಟೇ ಸಾಲದು, ಕೇಳಿದ್ದನ್ನು ಹುಡುಕಿಯೂ ಕೊಡಬೇಕು ಎಂಬುದು ಅವರ ಇನ್ನೊಂದು ಹಟ. ಇದಕ್ಕೆ ಪರಾಮರ್ಶನ ಸೇವೆ ಎನ್ನುತ್ತಾರೆ. ನಿಘಂಟು, ಭೂಪಟ, ವಿಶ್ವಕೋಶ, ವಾರ್ಷಿಕ ಕೋಶಗಳನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು ಓದುಗನ ಪ್ರಶ್ನೆಗೆ ಅಲ್ಲೇ ಉತ್ತರ ತೋರಿಸುವುದು ಒಂದು ಬಗೆ. ದಿನಗಟ್ಟಲೆ ಹಲವು ಪುಸ್ತಕಗಳಲ್ಲಿ ಅರಸಿ ಉತ್ತರ ಕೂಡಿಸುವುದು ಇನ್ನೊಂದು ಬಗೆ. ಹೊಸದಾಗಿ ಬಂದ ಓದುಗನನ್ನು ಅತಿಥಿಯಂತೆ ಕಂಡು ಎಲ್ಲಿ ಏನಿದೆ ಎಂದು ತೋರಿಸಬೇಕೆಂದು ಅವರು ಸಿಬ್ಬಂದಿಗೆ ಕಲಿಸಿದರು.

ಪ್ರಕಾಶಕರನ್ನೂ ಅವರು ಬಿಡಲಿಲ್ಲ. ಒಂದೇ ಪುಸ್ತಕ ಸಾವಿರ ಗ್ರಂಥಾಲಯಕ್ಕೆ ಹೋದರೆ ಸಾವಿರ ಕಡೆಯೂ ಅದಕ್ಕೆ ಸಂಖ್ಯೆ ಹಾಕುವ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಅಚ್ಚಾಗುವ ಮೊದಲೇ ಸಂಖ್ಯೆ ನಿರ್ಧರಿಸಿ ಮುಖಪುಟದ ಹಿಂಬದಿಯಲ್ಲಿ ಮುದ್ರಿಸಿದರೆ ಈ ಶ್ರಮ ಉಳಿದು, ಪೆಟ್ಟಿಗೆ ಬಿಚ್ಚಿದ ದಿನವೇ ಪುಸ್ತಕ ಓದುಗನ ಕೈ ಸೇರುತ್ತದೆ ಎಂದು ಅವರು ಪ್ರತಿಪಾದಿಸಿದರು. ಭಾರತೀಯ ಮಾನಕ ಸಂಸ್ಥೆಯಲ್ಲಿ ಇಂಥ ವಿಷಯಗಳಿಗೆಂದು ಇದ್ದ ಸಮಿತಿಯ ಅಧ್ಯಕ್ಷರಾಗಿ, ಪುಸ್ತಕದ ಮೊದಲ ಪುಟಗಳು ಹೇಗಿರಬೇಕೆಂಬುದಕ್ಕೂ ಕ್ರಮ ಗೊತ್ತುಮಾಡಿಸಿದರು.

ಕಳೆದುಹೋದ ಪುಸ್ತಕದ ಬೆಲೆಯನ್ನು ಗ್ರಂಥಪಾಲಕನ ಸಂಬಳದಿಂದ ಹಿಡಿಯುವ ಪದ್ಧತಿಯನ್ನು ಅವರು ಬಲವಾಗಿ ವಿರೋಧಿಸಿದರು. ಬಳಸಿದ ವಸ್ತು ಸವೆಯುತ್ತದೆ, ಕೆಲವು ಕಳೆಯುತ್ತವೆ. ಆ ಭಯದಿಂದ ಬೀಗ ಹಾಕಿದರೆ ಎಲ್ಲ ಪುಸ್ತಕವೂ ಕಳೆದುಹೋದಂತೆಯೇ ಆಯಿತು. ಅವರ ಈ ವಿಚಾರವನ್ನು ಓದಿದಾಗ ನನಗೆ ನನ್ನ ಜೇಬಿನ ಬೀಗದ ಕೈ ನೆನಪಾಗಿ ನಾಚಿಕೆಯಾಯಿತು.

ಇಪ್ಪತ್ತು ವರ್ಷ ದುಡಿದ ಮದರಾಸನ್ನು ಮನಸ್ತಾಪದಿಂದ ಬಿಡಬೇಕಾಗಿ ಬಂದದ್ದು ಅವರ ಬಾಳಿನ ದೊಡ್ಡ ನೋವು. 1945ರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಕರೆಗೆ ಓಗೊಟ್ಟು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಐವತ್ತು ದಾಟಿದ ವಯಸ್ಸಿನಲ್ಲಿ ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳ ವರ್ಗೀಕರಣವನ್ನು ತಾವೇ ಕುಳಿತು ಮಾಡಿದರು. ಅಲ್ಲಿಂದ ದೆಹಲಿ ವಿಶ್ವವಿದ್ಯಾಲಯ, ಆಮೇಲೆ ಬರವಣಿಗೆಗಾಗಿ ಎರಡು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್. 1957ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಆ ಹೊತ್ತಿಗೆ ಅವರು ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಕೊಟ್ಟರು. ಕೊಟ್ಟದ್ದು ಯಾರಿಗೆ? ತಮಗೆ ನೋವಾಗಿ ಹೊರಬಂದ ಅದೇ ಮದರಾಸು ವಿಶ್ವವಿದ್ಯಾಲಯಕ್ಕೆ.

ಕೊನೆಯ ಹದಿನೈದು ವರ್ಷ ಅವರು ನಮ್ಮವರಾಗಿದ್ದರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ನೆಲೆಸಿ, ಸರಳವಾದ ಉಡುಪು, ಸರಳವಾದ ಊಟದೊಂದಿಗೆ ಬೆಳಗಿನಿಂದ ರಾತ್ರಿಯವರೆಗೆ ಬರೆದರು. 1961ರಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. ಅವರ ಪುಸ್ತಕಗಳನ್ನು ಮರುಮುದ್ರಿಸಿ ಓದುಗರಿಗೆ ಸಿಗುವಂತೆ ಮಾಡಿದ್ದು ಈ ದತ್ತಿಯೇ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವ ದೊರೆಯಿತು.

ಹಳ್ಳಿಯವರಾದ ನಮಗೆ ಅವರಿಂದಾದ ದೊಡ್ಡ ಉಪಕಾರ ಇನ್ನೊಂದು. ಗ್ರಂಥಾಲಯವು ದಾನಿಗಳ ದಯೆಯ ಮೇಲೆ ನಿಲ್ಲಬಾರದು, ಕಾನೂನಿನ ಮೇಲೆ ನಿಲ್ಲಬೇಕು ಎಂದು ಅವರು 1930ರಲ್ಲೇ ಮಾದರಿ ಮಸೂದೆ ಬರೆದಿದ್ದರು. ಹದಿನೆಂಟು ವರ್ಷ ಕಾದ ಮೇಲೆ 1948ರಲ್ಲಿ ಮದರಾಸಿನಲ್ಲಿ ಅದು ಕಾಯ್ದೆಯಾಯಿತು. ನಮ್ಮ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದರ ಹಿಂದೆಯೂ ಅವರ ಮಾರ್ಗದರ್ಶನ ಇತ್ತು. ಮನೆ ಕಂದಾಯ ಕಟ್ಟುವಾಗ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನು ಸೇರಿಸುವ ಏರ್ಪಾಡು ಆ ಕಾಯ್ದೆಯದು. ರಸೀದಿಯಲ್ಲಿ ಆ ಸಾಲನ್ನು ಕಂಡು ಇದೇಕೆ ಎಂದು ಗೊಣಗಿದವರು ನಮ್ಮೂರಲ್ಲೂ ಇದ್ದಾರೆ. ಆ ಆರು ಪೈಸೆ ನಮ್ಮ ಮಕ್ಕಳ ಓದಿಗೆ ನಾವೇ ಕಟ್ಟಿದ ಪಾಲು. ಆದ್ದರಿಂದ ಗ್ರಂಥಾಲಯದ ಬಾಗಿಲು ತೆರೆದಿದೆಯೇ ಎಂದು ಕೇಳುವ ಹಕ್ಕೂ ನಮಗಿದೆ.

ಅರವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದ ರಂಗನಾಥನ್, ಗಣಿತದ ಮೇಲಿನ ಹಳೆಯ ಪ್ರೀತಿಯಿಂದ ಶ್ರೀನಿವಾಸ ರಾಮಾನುಜನ್ ಅವರ ಜೀವನವನ್ನೂ ಬರೆದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ಕಣ್ಮುಚ್ಚಿದರು. ಪ್ರತಿವರ್ಷ ಆಗಸ್ಟ್ 12ನ್ನು ಅವರ ಜನ್ಮದಿನದ ನೆನಪಿಗಾಗಿ ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಈಗ ಮತ್ತೆ ಸ್ಟಾಫ್ ರೂಮಿನ ಪೆಟ್ಟಿಗೆಗಳ ಮಾತಿಗೆ ಬರುತ್ತೇನೆ. ಪುಸ್ತಕ ಬರೆದವರಿದ್ದಾರೆ, ಅಚ್ಚು ಹಾಕಿದವರಿದ್ದಾರೆ, ಕೊಂಡು ಕಟ್ಟು ಕಟ್ಟಿ ವಿಳಾಸ ಬರೆದು ಕಳಿಸಿದ ನಮ್ಮ ಪ್ರೀತಿಯ ಹಳೆಯ ವಿದ್ಯಾರ್ಥಿಗಳಿದ್ದಾರೆ, ಹೊತ್ತು ತಂದ ಅಂಚೆಯವರಿದ್ದಾರೆ. ಇಷ್ಟು ಜನರ ಕೈ ದಾಟಿ ಬಂದ ಪುಸ್ತಕ ಕೊನೆಯ ನಾಲ್ಕು ಮಾರು ದಾಟದೆ ಗೋಡೆಗೆ ಒರಗಿ ನಿಲ್ಲಬಾರದು. ಮಹೋತ್ಸವದ ಶಾಮಿಯಾನ ಬಿಚ್ಚುವ ಮುನ್ನ ಆ ಕಟ್ಟುಗಳನ್ನು ಬಿಚ್ಚೋಣ. ಪುಸ್ತಕಗಳನ್ನು ವಹಿಗೆ ಏರಿಸಿ, ವಿಷಯವಾರು ವಿಂಗಡಿಸಿ, ತೆರೆದ ಕಪಾಟಿನಲ್ಲಿ ಇಡುವ ಕೆಲಸಕ್ಕೆ ಒಂಬತ್ತನೆಯ ತರಗತಿಯ ಮಕ್ಕಳನ್ನೇ ಸೇರಿಸಿಕೊಳ್ಳೋಣ. ನಿಘಂಟು, ಭೂಪಟಗಳು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿರಲಿ. ವಾರಕ್ಕೊಂದು ಸಂಜೆ ಊರಿನವರಿಗೂ ಬಾಗಿಲು ತೆರೆದಿರಲಿ. ವರ್ಷಕ್ಕೆ ಹತ್ತು ಪುಸ್ತಕ ಕಳೆದರೆ ಅವುಗಳ ಬೆಲೆಯನ್ನು ಹಳೆಯ ವಿದ್ಯಾರ್ಥಿಗಳ ಸಂಘ ತುಂಬಿಕೊಡಲಿ. ಪ್ರಭಾರ ಹೊತ್ತ ಮೇಷ್ಟ್ರ ಮೇಲೆ ಆ ಭಾರ ಬೀಳದಿರಲಿ. ಮೊದಲ ವರ್ಷದ ನಷ್ಟವನ್ನು ತುಂಬುವ ಹೊಣೆ ನನ್ನದು. ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡ ವರ್ಷಗಳಿಗೆ ನಾನು ಕಟ್ಟಬೇಕಾದ ಬಾಕಿ ಅದು.